ಗುಡಿಸಲೊಳಗಿನ ಕೆಂಪು

ನನಗೆ ಈಗ ಮೂವತ್ತನಾಲ್ಕು ವರ್ಷ, ಮತ್ತು ನಾನು ನಿವೃತ್ತಳು. ನಗಬೇಡಿ. ಚರ್ಮದ ಡಾಕ್ಟರು ನನ್ನ ಎರಡೂ ಕೈಗಳನ್ನು ದೀಪದ ಕೆಳಗೆ ತಿರುಗಿಸಿ ನೋಡಿ, ಇನ್ನು ಎಪಾಕ್ಸಿ ಅಂಟನ್ನು ಮುಟ್ಟಲೇಬಾರದು ಅಂದರು. ಈ ಅಲರ್ಜಿ ಒಮ್ಮೆ ಬಂದರೆ ಹೋಗುವುದಿಲ್ಲವಂತೆ. ಎಪಾಕ್ಸಿ ಇಲ್ಲದೆ ನಮ್ಮ ಕೆಲಸ ಇಲ್ಲ. ಎಂಟು ವರ್ಷದ ವೃತ್ತಿ ಹತ್ತು ನಿಮಿಷದಲ್ಲಿ ಮುಗಿಯಿತು. ಅಂದಿನಿಂದ ಥಾರ್ನ್‌ಕ್ಲಿಫ್ ಪಾರ್ಕಿನ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಕಿಟಕಿಯಿಂದ ಅಡುಗೆಮನೆಗೆ, ಅಡುಗೆಮನೆಯಿಂದ ಕಿಟಕಿಗೆ ಓಡಾಡುತ್ತಿದ್ದೇನೆ. ಎದುರಿನ ಕಟ್ಟಡದ ಬಾಲ್ಕನಿಗಳ ತುಕ್ಕಿಗೆ ಯಾವ ಯಾವ ಬಣ್ಣ ಬೆರೆಸಬೇಕೆಂದು ಲೆಕ್ಕ ಹಾಕುತ್ತೇನೆ. ಕೈ ಸುಮ್ಮನಿರುವುದಿಲ್ಲ. ಅದಕ್ಕೇ ಟೈಪ್ ಮಾಡುತ್ತಿದ್ದೇನೆ.

ಇನ್ನೊಂದು ಕಾರಣವೂ ಇದೆ. ಕಳೆದ ತಿಂಗಳು ನಮ್ಮ ಕನ್ನಡದವರ ಪಾಟ್‌ಲಕ್ ಊಟದಲ್ಲಿ ಇಲ್ಲೇ ಹುಟ್ಟಿದ ಇಬ್ಬರು ಹುಡುಗಿಯರು ಬಂದು, "ಅಕ್ಕಾ, ಹೌ ಡು ಯು ಗೆಟ್ ಇನ್‌ಟು ದಟ್?" ಅಂತ ಕೇಳಿದರು. ಬಾಯಲ್ಲಿ ಪಲಾವ್ ಇತ್ತು, ಸರಿಯಾಗಿ ಹೇಳಲಾಗಲಿಲ್ಲ. ಅವರಿಗೆ ಕನ್ನಡ ಓದಲು ಬರುವುದಿಲ್ಲ, ಅವರ ಅಮ್ಮಂದಿರು ಓದಿ ಹೇಳಲಿ.

ಕೆಲಸ ಏನೆಂದರೆ, ಮ್ಯೂಸಿಯಂಗಳಿಗೆ ಬೇಕಾದ ನಕಲಿ ವಸ್ತುಗಳನ್ನು ಮಾಡುವುದು. ಫೈಬರ್‌ಗ್ಲಾಸಿನ ಬಂಡೆ, ಕೊಳೆಯದ ಮೀನು, ಬೀಳದ ಎಲೆ, ಆಳೆತ್ತರದ ಬೊಂಬೆ. ವುಡ್‌ಬ್ರಿಡ್ಜಿನ ಇಂಡಸ್ಟ್ರಿಯಲ್ ಏರಿಯಾದಲ್ಲಿ ಒಂದು ಪಕ್ಕ ಅಡುಗೆಮನೆ ಕಪಾಟು ಮಾಡುವವರು, ಇನ್ನೊಂದು ಪಕ್ಕ ಟೈಲ್ಸಿನ ಗೋದಾಮು, ನಡುವೆ ನಮ್ಮ ಶಾಪು. ನನ್ನ ಪಾಲಿನದು ಬಣ್ಣ. ನಾನು ಯಾವ ಆರ್ಟ್ ಸ್ಕೂಲಿಗೂ ಹೋದವಳಲ್ಲ. ಕಾರ್ಕಳದಲ್ಲಿ ಬಿ.ಕಾಂ., ಇಲ್ಲಿ ಒಂದು ಡಿಪ್ಲೊಮಾ, ಆಮೇಲೆ ಒಂದು ವರ್ಷ ಪೆಟ್ಟಿಗೆಗಳಿಗೆ ಟೇಪು ಸುತ್ತುವ ಕೆಲಸ.

ನನ್ನನ್ನು ಸೇರಿಸಿಕೊಂಡವರು ವಾಮನಣ್ಣ. ಉಡುಪಿಯಲ್ಲಿ ಬಸ್ಸುಗಳಿಗೆ ಬಣ್ಣ ಬಳಿಯುತ್ತಿದ್ದವರು, ಈಗ ಶಾಪಿನ ಸೂಪರ್‌ವೈಸರ್. ಸ್ಕಾರ್‌ಬರೋದಲ್ಲಿ ಯಾರದೋ ಮನೆಯ ಬೇಸ್‌ಮೆಂಟಿನಲ್ಲಿ ಮಕ್ಕಳ ಕಾರ್ಯಕ್ರಮವಿತ್ತು. ನಾನು ಥರ್ಮಾಕೋಲಿನಲ್ಲಿ ಮಾಡಿದ್ದ ಕಿರೀಟದ ಮೇಲೆ ಒಂದು ಮಗು ಕುಳಿತುಬಿಟ್ಟಿತು. ಅರ್ಧ ಗಂಟೆಯಲ್ಲಿ ತೇಪೆ ಹಾಕಿ ಬಣ್ಣ ಕೂಡಿಸಿದೆ. ಕಾರ್ಯಕ್ರಮ ಮುಗಿದ ಮೇಲೆ ವಾಮನಣ್ಣ ಕಿರೀಟವನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು.

"ತೇಪೆ ಎಲ್ಲಿ ಉಂಟು, ತೋರ್ಸು."

"ನೀವೇ ಹುಡ್ಕಿ."

ಹುಡುಕಿದರು. ಸಿಗಲಿಲ್ಲ. "ಸೋಮವಾರ ಬಾ ಮಾರಾಯ್ತಿ," ಅಂದರು. ಅದೇ ನನ್ನ ಇಂಟರ್‌ವ್ಯೂ.

ಮೊದಲ ದೊಡ್ಡ ತಪ್ಪು ಎರಡನೇ ವರ್ಷದಲ್ಲಿ. ಆಫ್ರಿಕಾದ ದಕ್ಷಿಣದ ಬೇಟೆಗಾರ ಜನ ಬಂಡೆಯ ಮೇಲೆ ಬರೆದ ಕೆಂಪು ಜಿಂಕೆಯ ಒಂದು ನಕಲು ಬೇಕಾಗಿತ್ತು. ಆ ಕೆಂಪು ಅಂದರೆ ಕಾವಿಕಲ್ಲು, ಕಬ್ಬಿಣದ ಅಂಶವಿರುವ ಮಣ್ಣು. ಒಂದು ತುಂಡು ಕಾವಿಯನ್ನು ಮೇಜಿನ ಮೇಲಿಟ್ಟುಕೊಂಡು ಮೂರು ದಿನ ಕೂತು ಬಣ್ಣ ಕೂಡಿಸಿದೆ. ನಮ್ಮ ಶಾಪಿನ ಟ್ಯೂಬ್‌ಲೈಟಿನಲ್ಲಿ ಕಲ್ಲಿಗೂ ಜಿಂಕೆಗೂ ಕೂದಲೆಳೆಯ ವ್ಯತ್ಯಾಸ ಇರಲಿಲ್ಲ. ಎರಡನ್ನೂ ಗ್ಯಾಲರಿಗೆ ಒಯ್ದು ಅಲ್ಲಿಯ ಎಲ್‌ಇಡಿ ಹಾಕಿದರು ನೋಡಿ, ಕಾವಿಕಲ್ಲು ಕೆಂಪಾಗಿಯೇ ಇತ್ತು, ನನ್ನ ಜಿಂಕೆ ನೇರಳೆಗೆ ತಿರುಗಿತು.

ವಾಮನಣ್ಣ ಕೈ ಕಟ್ಟಿ ನಿಂತು ಕೇಳಿದರು, "ಇದು ಜಿಂಕೆಯಾ, ಗುಳ್ಳ ಬದನೆಯಾ?"

"ಗುಳ್ಳ ಹಸಿರಲ್ವಾ ವಾಮನಣ್ಣ."

"ಹಾಗಾದ್ರೆ ಅದಕ್ಕೂ ಆಗ್ಲಿಲ್ಲ ಇದು."

ಒಂದು ಬೆಳಕಿನಲ್ಲಿ ಒಂದೇ ಥರ ಕಾಣುವ ಎರಡು ಬಣ್ಣ ಇನ್ನೊಂದು ಬೆಳಕಿನಲ್ಲಿ ಬೇರೆಯಾಗುತ್ತವೆ. ಇದನ್ನು ನೀವು ಮೊದಲ ದಿನವೇ ಕಲಿಯಿರಿ. ವಸ್ತು ಎಲ್ಲಿ ಇರುತ್ತದೋ ಅಲ್ಲಿಯ ದೀಪವನ್ನು ತಂದು, ಅದರ ಕೆಳಗೆ ಬಣ್ಣ ಕೂಡಿಸಿ. ಈಗ ಬಣ್ಣ ಓದುವ ಯಂತ್ರ ಬಂದಿದೆ. ಕಲ್ಲಿಗೆ ಒತ್ತಿ ಹಿಡಿದರೆ ಯಾವುದೆಷ್ಟು ಬೆರೆಸಬೇಕೆಂದು ಅದೇ ಹೇಳುತ್ತದೆ. ಬೊಂಬೆಯ ಮುಖವನ್ನೂ ಕಂಪ್ಯೂಟರಿನಿಂದ ಪ್ರಿಂಟ್ ಮಾಡುತ್ತಾರೆ. ವಾಮನಣ್ಣ ಆ ಯಂತ್ರವನ್ನು ಬಟ್ಟೆ ಮುಚ್ಚಿ ಇಡುತ್ತಿದ್ದರು. ನಾನು ಅವರಿಲ್ಲದಾಗ ಬಳಸುತ್ತಿದ್ದೆ. ಅವರಿಗೆ ಗೊತ್ತಿತ್ತು.

ಆ ಬದನೆ ಜಿಂಕೆಯೇ ನನಗೆ ಹುಚ್ಚು ಹಿಡಿಸಿದ್ದು. ಥಾರ್ನ್‌ಕ್ಲಿಫಿನಿಂದ ವುಡ್‌ಬ್ರಿಡ್ಜಿಗೆ ಬಸ್ಸು, ಸಬ್‌ವೇ, ಮತ್ತೆ ಬಸ್ಸು. ಹೋಗುತ್ತಾ ಬರುತ್ತಾ ಫೋನಿನಲ್ಲಿ ಓದಿದ್ದೇ ಓದಿದ್ದು. ಆಫ್ರಿಕಾದ ದಕ್ಷಿಣದಲ್ಲಿ ಒಂದು ಕಥೆ ಇದೆ, ಜಿಂಕೆಗಳಿಗೆ ಬಣ್ಣ ಬಂದದ್ದು ಅವು ತಿಂದ ಜೇನಿನಿಂದ. ಬೇರೆ ಬೇರೆ ಜೇನು, ಬೇರೆ ಬೇರೆ ಮೈಬಣ್ಣ. ಎಷ್ಟು ಚಂದ! ನಾನು ಒಂದು ದೊಡ್ಡ ಚಾರ್ಟು ಮಾಡಿ ನನ್ನ ಮೇಜಿನ ಮೇಲಿನ ಗೋಡೆಗೆ ಅಂಟಿಸಿದೆ. ಕೆಂಪು ಅಂದರೆ ರಕ್ತ, ಹೆಣ್ಣು, ಜೀವ. ಬಿಳಿ ಅಂದರೆ ಮೂಳೆ, ಹಿರಿಯರು. ಕಪ್ಪು ಅಂದರೆ ಇದ್ದಿಲು, ಸಾವು. ಕಾಂಗೋ ಕಾಡಿನಲ್ಲಿ ಮಾತ್ರ ಹುಡುಗಿ ದೊಡ್ಡವಳಾದಾಗ ಬಿಳಿ ಜೇಡಿಮಣ್ಣಿನಿಂದ ಮೈಮೇಲೆ ಚಿತ್ರ ಬರೆಯುತ್ತಾರೆ ಅಂತ ಓದಿದ ಮೇಲೆ ಚಾರ್ಟು ಕೆಟ್ಟುಹೋಯಿತು. ಅಲ್ಲೊಂದು ನಕ್ಷತ್ರದ ಗುರುತು ಹಾಕಿ ಮುಂದೆ ಹೋದೆ. ನಕ್ಷತ್ರಗಳು ಹೆಚ್ಚುತ್ತಾ ಹೋದವು. ಚಾರ್ಟು ತೆಗೆಯಲಿಲ್ಲ.

"ಇದ್ಯಾವ ಪಂಚಾಂಗ?" ಅಂತ ವಾಮನಣ್ಣ ಕೇಳುತ್ತಿದ್ದರು.

ಇನ್ನು ಆ ಕೊನೆಯ ಕೆಲಸ. ಅದನ್ನು ಹೇಳಲಿಕ್ಕೇ ಇಷ್ಟೆಲ್ಲ ಬರೆದದ್ದು.

ಹೆಸರು ಬೇಡ, ಊರ ಹೊರಗಿನ ಒಂದು ಸಣ್ಣ ಮ್ಯೂಸಿಯಂ. ಬಣ್ಣಗಳ ಬಗ್ಗೆ ಒಂದು ಪ್ರದರ್ಶನ. ಅದರಲ್ಲಿ ಒಂದು ಮೂಲೆ ಆಫ್ರಿಕಾದ ಕಲಹರಿ ಮರುಭೂಮಿಯ ಸಾನ್ ಜನರದು: ಮೊದಲ ಸಲ ಮುಟ್ಟಾದ ಹುಡುಗಿ, ಅವಳನ್ನು ಕೂರಿಸುವ ಹುಲ್ಲಿನ ಗುಡಿಸಲು, ಕಾವಿ. ನನ್ನ ಚಾರ್ಟಿನ ಮೊದಲ ಸಾಲೇ ಎದ್ದು ಬಂದು ಕೆಲಸ ಕೇಳಿದ ಹಾಗಾಯಿತು. ಮಾಹಿತಿ ಕೊಡಲು ಗ್ರೇಸ್ ಎಂಬವರನ್ನು ಗೊತ್ತು ಮಾಡಿದ್ದರು. ಬೋಟ್ಸ್ವಾನಾದಲ್ಲಿ ಹುಟ್ಟಿದವರು, ಐವತ್ತು ದಾಟಿದವರು, ಸ್ಕಾರ್‌ಬರೋದ ಒಂದು ವೃದ್ಧಾಶ್ರಮದಲ್ಲಿ ಆರೈಕೆಯ ಕೆಲಸ. ಅವರನ್ನು ಬೆಳೆಸಿದ ಅಜ್ಜಿ ಕಲಹರಿಯವಳು. ಹಣ ಬೇಡ, ಗೋಡೆಯ ಮೇಲೆ ಅಜ್ಜಿಯ ಹೆಸರು ಬರೆಯಬೇಕು, ಅಷ್ಟೇ ಅವರು ಕೇಳಿದ್ದು. ಆ ಹೆಸರು ಎಲ್ಲೂ, ಯಾವ ಕಾಗದದಲ್ಲೂ ಇಲ್ಲವಂತೆ.

ಅವರ ಶಿಫ್ಟು ಮುಗಿದ ಮೇಲೆ ರಸ್ತೆಬದಿಯ ಸಾಲಂಗಡಿಗಳ ಒಂದು ಸ್ಟ್ರಿಪ್ ಮಾಲಿನ ಚಹಾದಂಗಡಿಯಲ್ಲಿ ಕೂತೆವು. ಅವರು ಇಂಗ್ಲಿಷಿನಲ್ಲಿ ಅಂದದ್ದನ್ನು ನನ್ನ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಹುಡುಗಿ ತಲೆ ತಗ್ಗಿಸಿ ಕೂತಿರುತ್ತಾಳೆ. ಹೆಂಗಸರು ಎಲಂಡ್ ಎಂಬ ದೊಡ್ಡ ಜಿಂಕೆಯ ಹಾಗೆ ಕುಣಿಯುತ್ತಾರೆ. ಬೇಟೆಗೆ ಹೋಗುವ ಗಂಡಸರು ಆ ಕಡೆ ಸುಳಿಯುವುದಿಲ್ಲ, ಅವಳ ಮುಖ ನೋಡುವುದಿಲ್ಲ. ಕೊನೆಗೆ ಕಾವಿಯನ್ನು ಕೊಬ್ಬಿನಲ್ಲಿ ಕಲಸಿ ಹಚ್ಚುತ್ತಾರೆ.

"ಇದೆಲ್ಲ ನನ್ನ ಅಜ್ಜಿಯ ಕಡೆಯ ಮಾತು. ಬೇರೆ ಕಡೆಯವರು ಬೇರೆ ಹೇಳ್ತಾರೆ. ಬರ್ಕೊಂಡ್ಯಾ?"

ಬರೆದುಕೊಂಡೆ. ಆರು ಪುಟ. ಹೆಮ್ಮೆಯಿಂದ ಬರೆದುಕೊಂಡೆ.

ಆಮೇಲೆ ಐದು ವಾರ ನಾನು ಭೂಮಿಯ ಮೇಲೆ ಇರಲಿಲ್ಲ. ಗುಡಿಸಲಿನ ಮುಂಭಾಗವನ್ನು ಕತ್ತರಿಸಿ ತೆರೆದಿಟ್ಟೆವು, ಜನರಿಗೆ ಒಳಗೆ ಕಾಣಬೇಕಲ್ಲ. ಹುಡುಗಿಯ ತಲೆಯನ್ನು ಸ್ವಲ್ಪ ಮೇಲೆತ್ತಿದೆ, ದೀಪ ಕೆನ್ನೆಯ ಮೇಲೆ ಬೀಳಬೇಕಲ್ಲ. ಗ್ಯಾಲರಿಯ ದೀಪವನ್ನೇ ಎರವಲು ತಂದು ಅದರ ಕೆಳಗೆ ಮುಖಕ್ಕೆ ಬಣ್ಣ ಹಚ್ಚಿದೆ. ಚರ್ಮಕ್ಕೆ ಪದರದ ಮೇಲೆ ಪದರ, ಕಣ್ಣಿನ ಕೆಳಗೆ ಒಂಚೂರು ನೀಲಿ, ಅದರ ಮೇಲೆ ಕಾವಿ. ಎಂಟು ವರ್ಷದಲ್ಲಿ ನಾನು ಮಾಡಿದ ಅತ್ಯುತ್ತಮ ಮುಖ ಅದು. ಉಸಿರಾಡುತ್ತಿತ್ತು. ಪಕ್ಕದಲ್ಲಿಡುವ ಬರಹವನ್ನೂ ನಾನೇ ಬರೆದೆ. ಮ್ಯೂಸಿಯಂನವರು ಎಲ್ಲವನ್ನೂ ನೋಡಿ ಒಪ್ಪಿದರು.

ಒಂದೇ ಒಂದು ವಿಚಿತ್ರ ನಡೆಯಿತು. ಇದು ಏನು ಅಂತ ನಾನು ವಿವರಿಸಿದ ಮರುದಿನ ವಾಮನಣ್ಣ ತಮ್ಮ ಮೇಜನ್ನು ಎಳೆದುಕೊಂಡು ಹೋಗಿ ಶಾಪಿನ ಆ ತುದಿಯಲ್ಲಿ, ಗೋಡೆಗೆ ಮುಖ ಮಾಡಿ ಹಾಕಿಕೊಂಡರು.

"ಎಂತ ವಾಮನಣ್ಣ, ಸಿಟ್ಟಾ?"

"ಎಂತ ಸಿಟ್ಟು? ಹೆಣ್ಮಕ್ಕಳ ಕೆಲಸ. ನೀನು ಮಾಡ್ಕೋ."

"ಅದು ಬೊಂಬೆ ವಾಮನಣ್ಣ!"

"ಆಯ್ತು, ಬೊಂಬೆ. ನಾನು ಇಲ್ಲಿ ಕೂತ್ರೆ ನಿಂಗೆಂತ ನಷ್ಟ?"

ನಾನು ನಕ್ಕೆ. ಊರಿನ ಕಾಲದವರು ಅಂದುಕೊಂಡೆ.

ಸಾಮಾನು ಸಾಗಿಸಲು ಇನ್ನೂ ನಾಲ್ಕು ದಿನ ಇದ್ದಾಗ ಗ್ರೇಸ್ ನೋಡಲು ಬಂದರು. ವೃದ್ಧಾಶ್ರಮದ ಯೂನಿಫಾರ್ಮಿನಲ್ಲೇ ಇದ್ದರು. ನಾನು ಮದುವೆಮನೆಯ ಹುಡುಗಿಯ ಹಾಗೆ ಮುಂದೆ ಮುಂದೆ ಓಡಿ ದೀಪ ಹಾಕಿದೆ. ಗ್ರೇಸ್ ಒಂದು ಕ್ಷಣ ನೋಡಿದರು. ಆಮೇಲೆ ನಿಧಾನವಾಗಿ ತಿರುಗಿ, ಗುಡಿಸಲಿಗೆ ಬೆನ್ನು ಮಾಡಿ ನಿಂತರು.

"ಬಣ್ಣ ಸರಿಯಿಲ್ವಾ?" ಅಂತ ಕೇಳಿದೆ.

"ನೀನು ಬರೆದದ್ದು ಓದು. ಜೋರಾಗಿ."

ಬೋರ್ಡು ತೆಗೆದುಕೊಂಡು ಓದಿದೆ. ಗುಡಿಸಲು, ನೃತ್ಯ, ಎಲಂಡ್, ಎಲ್ಲ ಸರಾಗವಾಗಿ ಬಂತು. ನಾಲ್ಕನೆಯ ವಾಕ್ಯ: ಈ ದಿನಗಳಲ್ಲಿ ಗಂಡಸರು ಆಕೆಯ ಮುಖವನ್ನು ನೋಡುವಂತಿಲ್ಲ. ಅಲ್ಲಿ ಓದು ನಿಲ್ಲಿಸಿ ಬೊಂಬೆಯ ಕಡೆ ನೋಡಿದೆ. ಆ ಬೋರ್ಡು ನಿಲ್ಲಬೇಕಾಗಿದ್ದದ್ದು ಆ ಮುಖದ ಒಂದಡಿ ಕೆಳಗೆ. ನಾನು ಬರೆದಿದ್ದೆ, ಮ್ಯೂಸಿಯಂನವರು ತಿದ್ದಿದ್ದರು, ಪ್ರಿಂಟಿನವರು ಪ್ರಿಂಟ್ ಮಾಡಿದ್ದರು. ಯಾರಿಗೂ ಹೊಳೆದಿರಲಿಲ್ಲ. ಗೋಡೆಗೆ ಮುಖ ಮಾಡಿ ಕೂತ ಒಬ್ಬರನ್ನು ಬಿಟ್ಟು.

"ನಾನು ಹೇಳಿದ್ದನ್ನ ನೀನು ಕೇಳಿಸ್ಕೊಳ್ಳಲಿಲ್ಲ," ಅಂದರು ಗ್ರೇಸ್. "ಬರ್ಕೊಂಡೆ ಅಷ್ಟೇ. ಇದು ಹೀಗೇ ಇದ್ರೆ ಅಜ್ಜಿಯ ಹೆಸರು ಅಲ್ಲಿ ಬೇಡ."

ನಾನು ಬಾಯಿಗೆ ಬಂದದ್ದನ್ನೆಲ್ಲ ಹೇಳತೊಡಗಿದೆ. ಪರದೆ ಹಾಕೋಣ. ಬೆಳಕು ಕಡಿಮೆ ಮಾಡೋಣ. ಒಂದು ಬದಿಯಿಂದ ಮಾತ್ರ ಕಾಣುವ ಹಾಗೆ ತಿರುಗಿಸೋಣ. ಮಾತಾಡುತ್ತಾ ಗುಡಿಸಲನ್ನು ಎರಡು ಸುತ್ತು ಹಾಕಿದೆ. ಕೊನೆಗೆ ಚಾರ್ಟಿನ ಹತ್ತಿರ ಹೋಗಿ, ಇಷ್ಟು ಓದಿದ್ದೇನೆ, ಕೆಂಪಿನ ಅರ್ಥ ಜನರಿಗೆ ಗೊತ್ತಾಗಬೇಡವಾ ಅಂದೆ.

ಗ್ರೇಸ್ ಚಾರ್ಟಿನ ಮುಂದೆ ನಿಂತು, ಕನ್ನಡಕ ಹಾಕಿಕೊಂಡು, ಬೆರಳಿಟ್ಟು ಓದಿದರು. ಆಮೇಲೆ ನಕ್ಕರು. ಕೆಟ್ಟ ನಗುವಲ್ಲ.

"ಕೆಂಪು ಅಂದ್ರೆ ಏನು ಅಂತ ಅಜ್ಜಿ ನನಗೆ ಯಾವತ್ತೂ ಹೇಳಲಿಲ್ಲ. ಯಾರು ಹಚ್ಬೇಕು, ಯಾರ ಎದುರು ಹಚ್ಬೇಕು, ಅದನ್ನ ಹೇಳಿದ್ಲು. ನಿನ್ನ ಕಾಗದದಲ್ಲಿ ಆ ಎರಡು ಕಾಲಮ್ಮೇ ಇಲ್ಲ. ನಿನಗೆ ಅವಳ ಮುಖ ಬೇಕು ಸುಪ್ರೀತಾ. ಜನಕ್ಕಲ್ಲ. ನಿನಗೆ."

ನಾನು ಹೊರಗೆ ಪಾರ್ಕಿಂಗ್ ಲಾಟಿಗೆ ಹೋದೆ. ಟೈಲ್ಸಿನ ಲಾರಿಗಳ ನಡುವೆ ಅತ್ತಿಂದಿತ್ತ ನಡೆದೆ. ಅವರು ಅಂದದ್ದು ನಿಜ, ಅದಕ್ಕೇ ಸಿಟ್ಟು. ಆ ಮುಖ ತೆರೆದಿದ್ದರೆ ನನ್ನ ಹೆಸರು ನಾಲ್ಕು ಕಡೆ ಹೋಗುತ್ತಿತ್ತು, ಬೇರೆ ದೊಡ್ಡ ಶಾಪುಗಳು ಕರೆಯುತ್ತಿದ್ದವು. ಮುಚ್ಚಿದರೆ ಒಂದು ಹುಲ್ಲಿನ ರಾಶಿ. ಅಮ್ಮನಿಗೆ ಫೋನ್ ಮಾಡಿದೆ. ಕಾರ್ಕಳದಲ್ಲಿ ರಾತ್ರಿ ಊಟದ ಹೊತ್ತು.

"ಅಮ್ಮ, ನಾನು ದೊಡ್ಡವಳಾದಾಗ ಅರಿಶಿನಕ್ಕೆ ಸುಣ್ಣ ಹಾಕಿ ಕುರ್ದಿ ನೀರು ಮಾಡಿ ಆರತಿ ಎತ್ತಿದ್ರಲ್ಲ. ಕೆಂಪೇ ಯಾಕೆ?"

"ಈಗ ಯಾಕೆ ಅದು? ಅಲ್ಲಿ ಎಲ್ಲ ಸರಿ ಉಂಟಾ?"

"ಹೇಳಮ್ಮ."

"ದೃಷ್ಟಿಗೆ. ನನ್ನ ಅತ್ತೆ ಮಾಡ್ತಿದ್ರು, ನಾನು ಮಾಡಿದೆ."

"ಗಂಡಸ್ರು ಯಾರಿದ್ರು?"

"ಯಾರೂ ಇಲ್ಲ. ನಿನ್ನ ಅಪ್ಪನನ್ನ ಪೇಟೆಗೆ ಕಳಿಸಿದ್ದೆ. ನಿನ್ನ ಮಾವ ಮಾತ್ರ ಹೊಸ ಕ್ಯಾಮೆರಾ ಹಿಡ್ಕೊಂಡು ಬಂದಿದ್ದ, ಒಂದು ಫೋಟೋ ಅಂತ. ನೀನು ಕೆಂಪು ನೀರಿನ ಬೊಟ್ಟು ಹಣೆಯಲ್ಲಿ ಇಟ್ಕೊಂಡೇ ಕೋಣೆಗೆ ಓಡಿ ಚಿಲಕ ಹಾಕಿದ್ದು, ಸಂಜೆವರೆಗೆ ತೆಗೀಲಿಲ್ಲ. ನೆನಪಿಲ್ವಾ ನಿಂಗೆ?"

ನೆನಪಿತ್ತು. ಚಿಲಕದ ತಣ್ಣನೆ ಕಬ್ಬಿಣ ಬೆರಳಿಗೆ ನೆನಪಿತ್ತು. ಆಚೆಯಿಂದ ಮಾವ ಒಂದೇ ಒಂದು, ಒಂದೇ ಒಂದು ಅನ್ನುತ್ತಿದ್ದದ್ದೂ ನೆನಪಿತ್ತು. ಎಷ್ಟು ಓದಿದೆ, ಎಷ್ಟು ನಕ್ಷತ್ರ ಹಾಕಿದೆ, ಈ ಐದು ವಾರದಲ್ಲಿ ಆ ಚಿಲಕ ಒಂದು ಸಲವೂ ತಲೆಗೆ ಬರಲಿಲ್ಲ. ಈ ಸಲ ಕ್ಯಾಮೆರಾ ಹಿಡಿದವಳು ನಾನು.

ಒಳಗೆ ಬಂದು, ಮುಂಭಾಗ ಮುಚ್ಚುತ್ತೇನೆ ಅಂದೆ.

ಪ್ರದರ್ಶನ ನೋಡಿಕೊಳ್ಳುವ ಮ್ಯೂಸಿಯಂನ ಕ್ಯೂರೇಟರಿಗೆ ಫೋನ್ ಮಾಡಿ, ತಪ್ಪು ನನ್ನದು ಅಂತ ಮೊದಲೇ ಹೇಳಿ, ವಿವರಿಸಿದೆವು. ಆಕೆ ಒಳ್ಳೆಯವಳು, ಒಪ್ಪಿದಳು. "ಸರಿ, ಗುಡಿಸಲು ಮುಚ್ಚಿ. ಬೊಂಬೆ ಬೇಡ ಹಾಗಾದರೆ, ಹೇಗೂ ಕಾಣುವುದಿಲ್ಲವಲ್ಲ," ಅಂದಳು. ಫೋನು ಸ್ಪೀಕರಿನಲ್ಲಿತ್ತು. ಗ್ರೇಸ್ ಬಾಗಿ ಹೇಳಿದರು, "ಅವಳು ಒಳಗೆ ಇರ್ಲೇಬೇಕು. ಖಾಲಿ ಗುಡಿಸಲಿಗೆ ನನ್ನ ಅಜ್ಜಿಯ ಹೆಸರು ಯಾಕೆ?" ಕ್ಯೂರೇಟರ್, ಇರಲಿ ಅಂದಳು.

ಬೊಂಬೆಯ ತಲೆ ತಗ್ಗಿಸಬೇಕಾದರೆ ಕುತ್ತಿಗೆ ಕತ್ತರಿಸಿ ಮತ್ತೆ ಕೂಡಿಸಬೇಕು. ಕೂಡಿಸಿದ ಜಾಗಕ್ಕೂ ಮುಖಕ್ಕೂ ಹೊಸ ಬಣ್ಣ. ಎರಡು ದಿನ ರಜೆ ಹಾಕಿ ಗ್ರೇಸ್ ಬಂದರು. ನನ್ನ ಕಾವಿಯನ್ನು ಬೆರಳಲ್ಲಿ ಉಜ್ಜಿ ನೋಡಿ, ಇದು ತುಂಬಾ ಕೂಗುತ್ತದೆ ಅಂದರು. ನಿಜ, ನನಗೆ ಗೊತ್ತಿಲ್ಲದೆ ನಾನು ಕುಂಕುಮದ ಕಡೆಗೆ ಎಳೆದಿದ್ದೆ. ಕೊಬ್ಬು ಹಾಕಿದರೆ ಹುಳ ಬರುತ್ತದೆಂದು ಮೇಣವನ್ನು ಎಣ್ಣೆಯಲ್ಲಿ ಕರಗಿಸಿ ಕಲಸಿದೆವು. ಅವರು ಅಂಗೈಯಲ್ಲಿ ಬೆಚ್ಚಗೆ ಮಾಡಿ ಹಚ್ಚಿದರೆ ಬಣ್ಣ ಮಂಕಾಗಿ, ಆದರೆ ಹೊಳಪಾಗಿ ಕೂತಿತು.

ನಾನು ಅಭ್ಯಾಸಬಲದಿಂದ ಗ್ಯಾಲರಿಯ ದೀಪ ಹಾಕಲು ಹೋದೆ.

"ಅದು ಯಾಕೆ?"

"ಯಾವ ಬೆಳಕಿನಲ್ಲಿ ಇರ್ತಾಳೋ ಆ ಬೆಳಕಿನಲ್ಲೇ ಬಣ್ಣ ಕೂಡಿಸ್ಬೇಕು. ಅದು ನಮ್ಮ ಕೆಲಸದ ನಿಯಮ."

"ಹಾಗಾದ್ರೆ ಬಾಗಿಲು ಮುಚ್ಚು," ಅಂದರು.

ಮುಂಭಾಗ ಮುಚ್ಚಿಯಾಗಿತ್ತು, ಬಾಗಿಲು ಇನ್ನೂ ಕೂರಿಸಿರಲಿಲ್ಲ; ಇಬ್ಬರೂ ಒಳಗೆ ತೆವಳಿ ಆ ಜಾಗಕ್ಕೆ ಒಂದು ಚಾಪೆ ಎಳೆದುಕೊಂಡೆವು. ಹುಲ್ಲಿನ ಸಂದಿನಿಂದ ಬರುವ ಬೆಳಕು ಎಷ್ಟೋ ಅಷ್ಟೇ. ಕಣ್ಣು ಹೊಂದಿಕೊಳ್ಳಲು ಹತ್ತು ನಿಮಿಷ ಬೇಕಾಯಿತು. ಆ ಮಬ್ಬಿನಲ್ಲಿ, ಮೂವರು ಹೆಂಗಸರು ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂತು, ಹೊಸದಾಗಿ ಎಲ್ಲ ಮಾಡಿದೆವು. ಮೂವರು ಅಂದೆ. ಇರಲಿ. ಗ್ರೇಸ್ ಹಚ್ಚುತ್ತಾ ಅಜ್ಜಿಯ ಹೆಸರು ಹೇಳಿದರು, ನಾಲಿಗೆ ಚಿಟಕಿ ಹೊಡೆದ ಹಾಗೆ ಶುರುವಾಗುವ ಹೆಸರು. ನನಗೆ ಹೇಳಲು ಬರಲಿಲ್ಲ. ಮೂರು ಸಲ ಹೇಳಿಸಿದರು. ಮೂರನೆಯ ಸಲಕ್ಕೆ, ನಡೆಯುತ್ತದೆ ಅಂದರು.

ಕುತ್ತಿಗೆಗೂ ಮುಂಭಾಗದ ಚೌಕಟ್ಟಿಗೂ ಬೇಕಾದ ಎಪಾಕ್ಸಿಯನ್ನು ಆತುರದಲ್ಲಿ ಗ್ಲೌಸ್ ಇಲ್ಲದೆ ಕಲಸಿದೆ. ಮರುದಿನ ಬೆರಳುಗಳು ಬಾಳೆಕಾಯಿಯ ಹಾಗೆ ಊದಿದ್ದವು. ಒಂದು ದಿನದ್ದಲ್ಲ ಅದು, ಎಂಟು ವರ್ಷ ಹೀಗೇ ಮಾಡಿದ್ದರ ಫಲ ಅಂದರು ಡಾಕ್ಟರು. ಹುಡುಗಿಯರೇ, ಗ್ಲೌಸ್ ಹಾಕಿಕೊಳ್ಳಿ. ಇಡೀ ಬರಹದಲ್ಲಿ ಇದೊಂದನ್ನು ನೆನಪಿಟ್ಟರೂ ಸಾಕು.

ಚಾರ್ಟನ್ನು ನಾನು ಹರಿಯಲಿಲ್ಲ. ಎರಡು ಕಾಲಮ್ಮು ಸೇರಿಸಿದ್ದೇನೆ: ಯಾರು ಹಚ್ಚಬೇಕು, ಯಾರು ನೋಡಬಹುದು. ಅವುಗಳಲ್ಲಿ ಹೆಚ್ಚಿನ ಚೌಕಗಳು ಖಾಲಿ ಇವೆ. ಪುಸ್ತಕಗಳು ಅದನ್ನು ಅಷ್ಟಾಗಿ ಬರೆಯುವುದಿಲ್ಲ, ಕೇಳಿಕೊಂಡು ಹೋಗಬೇಕು. ಅದನ್ನು ಯೋಚಿಸಿದರೆ ಈಗಲೂ ಕೂತಲ್ಲಿ ಕೂರಲಾಗುವುದಿಲ್ಲ.

ನನ್ನ ಅತ್ಯುತ್ತಮ ಕೆಲಸದ ಒಂದು ಫೋಟೋವೂ ನನ್ನ ಹತ್ತಿರ ಇಲ್ಲ. ಮೊದಲಿನ ಫೋಟೋಗಳಿದ್ದವು, ಅಳಿಸಿದೆ. ಗ್ಯಾಲರಿಯಲ್ಲಿ ಈಗ ಕಾಣುವುದು ಒಂದು ಮುಚ್ಚಿದ ಗುಡಿಸಲು, ಬಾಗಿಲಲ್ಲಿ ಕಾವಿಯ ಒಂದು ಬೋಗುಣಿ, ಗೋಡೆಯ ಮೇಲೆ ಒಂದು ಹೆಸರು.

ಬಾಗಿಲು ಕೂರಿಸಿದ್ದು ಸಾಗಿಸುವ ದಿನ ಬೆಳಿಗ್ಗೆ. ಹುಲ್ಲಿನ ಬಾಗಿಲು ಭಾರ, ಹಿಡಿಯಲು ಇನ್ನೊಬ್ಬರು ಬೇಕು, ಗ್ರೇಸ್ ಶಿಫ್ಟಿಗೆ ಹೋಗಿದ್ದರು. ವಾಮನಣ್ಣನನ್ನು ಕರೆದೆ. ಅವರು ಹಿಂದೆ ಹಿಂದೆ ಹೆಜ್ಜೆ ಇಡುತ್ತಾ, ಗುಡಿಸಲಿಗೆ ಬೆನ್ನು ಮಾಡಿಕೊಂಡೇ ಬಂದರು. ಎರಡೂ ಕೈಯನ್ನು ಹಿಂದಕ್ಕೆ ಚಾಚಿ ಬಾಗಿಲಿನ ಅಂಚು ಹಿಡಿದರು. ಮುಖ ಟೈಲ್ಸ್ ಗೋದಾಮಿನ ಕಡೆ. ನಾನು ಬಗ್ಗಿ ಕೊನೆಯ ಸಲ ಒಳಗೆ ನೋಡಿದೆ.

"ಬಣ್ಣ ಸರಿ ಬಂದಿದಾ?" ಅಂತ ಕೇಳಿದರು.

"ಬಂದಿದೆ ವಾಮನಣ್ಣ."

"ಹಾಗಾದ್ರೆ ಹಾಕು."